ಓದುಗರ ಪ್ರಶ್ನೆ: ಮಗಳು ಸ್ಲೆಡ್ ಹಾಕಿ ಆಡುತ್ತೇನೆ ಎನ್ನುತ್ತಾಳೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಹಳ್ಳಿಯಿಂದ ಈ ಸಲ ಒಂದೇ ಲಕೋಟೆಯಲ್ಲಿ ನಾಲ್ಕು ಪತ್ರಗಳು ಬಂದಿವೆ. ಒಂದು ತಾಯಿಯದು, ಒಂದು ಮಗಳ ಶಾಲೆಯ ಅಧ್ಯಾಪಕರದು, ಮೂರನೆಯದು ಕಾಸರಗೋಡಿನಲ್ಲಿ ಪದವಿ ಓದುತ್ತಿರುವ ದೊಡ್ಡಪ್ಪನ ಮಗಳದು. ಕೊನೆಯದು ನೋಟುಬುಕ್ಕಿನಿಂದ ಹರಿದ ಚೂರಿನಲ್ಲಿ ಆ ಹುಡುಗಿಯೇ ಬರೆದ ಒಂದೇ ಸಾಲು. ಅವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ. ನಾಲ್ಕೂ ಒಂದೇ ವಿಷಯದ ಪತ್ರಗಳಾದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ. ಹುಟ್ಟುವಾಗಲೇ ಬೆನ್ನುಹುರಿಯಲ್ಲಿ ದೋಷವಿತ್ತು. ಮಂಗಳೂರಿನ ಡಾಕ್ಟರು ಅದಕ್ಕೆ ಸ್ಪೈನಾ ಬೈಫಿಡಾ ಎಂದಿದ್ದರು. ಕಾಲುಗಳಲ್ಲಿ ಬಲವಿಲ್ಲ, ಗಾಲಿಕುರ್ಚಿಯಲ್ಲಿ ಓಡಾಡುತ್ತಾಳೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಈಗ ಪ್ಲಸ್ ವನ್ ಓದುತ್ತಿದ್ದಾಳೆ. ಹೆಂಗಸರು ಮಂಜುಗಡ್ಡೆಯ ಮೇಲೆ ಸಣ್ಣ ಬಂಡಿಯಲ್ಲಿ ಕುಳಿತು ಹಾಕಿ ಆಡುವುದನ್ನು ಮೊಬೈಲಿನಲ್ಲಿ ನೋಡಿದಂದಿನಿಂದ ‘ನಾನೂ ಇದೇ ಆಗುವುದು’ ಎಂದು ಹಟ ಹಿಡಿದಿದ್ದಾಳೆ. ಇದೊಂದು ಉದ್ಯೋಗವೇ? ಸಂಬಳ ಬರುತ್ತದೆಯೇ? ನಮಗಿರುವುದು ಒಂದು ಎಕರೆಗೂ ಕಡಿಮೆ ಅಡಿಕೆ ತೋಟ. ಅವಳ ಆಸೆಯನ್ನು ಚಿವುಟಲು ಮನಸ್ಸಿಲ್ಲ, ಸುಳ್ಳು ಹೇಳಿ ಬೆಳೆಸಲೂ ಮನಸ್ಸಿಲ್ಲ. ಏನೆಂದು ಹೇಳಲಿ?

ಉತ್ತರ: ತಂಗೀ, ನಿಮ್ಮ ಪತ್ರದ ಕೊನೆಯ ಎರಡು ಸಾಲುಗಳನ್ನು ನಾನು ಹಲವು ಸಲ ಓದಿದೆ. ಚಿವುಟಬಾರದು, ಸುಳ್ಳನ್ನೂ ಹೇಳಬಾರದು ಎಂಬ ನಿಮ್ಮ ನಿಲುವು ಸರಿಯಾದದ್ದು. ಆದ್ದರಿಂದ ಮೊದಲು ನಿಜವನ್ನೇ ಹೇಳಿಬಿಡುತ್ತೇನೆ. ನಿಮ್ಮ ಮಗಳು ನೋಡಿದ, ಬಂಡಿಯಲ್ಲಿ ಕುಳಿತು ಆಡುವ ಆಟಕ್ಕೆ ಸ್ಲೆಡ್ ಹಾಕಿ ಎನ್ನುತ್ತಾರೆ; ಅದನ್ನು ಆಡುವ ಹೆಂಗಸರಿಗೆ ಆಟದಿಂದ ಸಂಬಳ ಕೊಡುವ ವೃತ್ತಿಪರ ಲೀಗ್ ಇಲ್ಲ. ನಿಂತು ಸ್ಕೇಟ್ ಮಾಡುವ ಮಹಿಳೆಯರಿಗಾಗಿ ಅಮೆರಿಕ ಮತ್ತು ಕೆನಡಾದಲ್ಲಿ ಪ್ರೊಫೆಷನಲ್ ವಿಮೆನ್ಸ್ ಹಾಕಿ ಲೀಗ್ ಆರಂಭವಾದದ್ದೇ 2024ರ ಜನವರಿ 1ರಂದು. ಕುಳಿತು ಆಡುವವರಿಗೆ ಅಂಥದ್ದೊಂದು ಇನ್ನೂ ಹುಟ್ಟಿಲ್ಲ. ಕೆನಡಾದಂಥ ಹಾಕಿಯ ತವರಿನಲ್ಲಿಯೇ ಮಹಿಳೆಯರ ತಂಡ ಬಹುಕಾಲ ಸ್ವಯಂಸೇವಕರ ದುಡಿಮೆಯಿಂದಲೂ ಆಟಗಾರ್ತಿಯರೇ ಊರಿನಲ್ಲಿ ಹಣ ಕೂಡಿಸಿ ತರುತ್ತಿದ್ದುದರಿಂದಲೂ ನಡೆದುಕೊಂಡು ಬಂದಿದೆ.

ಹಾಗಾದರೆ ಅವರು ಬದುಕುವುದು ಹೇಗೆ? ಮೂವರ ವಿಷಯ ಹೇಳುತ್ತೇನೆ, ಇದನ್ನು ಮಗಳಿಗೂ ಓದಿ ಹೇಳಿ. ನಾರ್ವೆಯ ಲೆನಾ ಶ್ರೋಡರ್ ಅವರಿಗೆ ಇರುವುದೂ ನಿಮ್ಮ ಮಗಳಿಗಿರುವ ಸ್ಪೈನಾ ಬೈಫಿಡಾವೇ. 2018ರಲ್ಲಿ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್‌ನಲ್ಲಿ ನಡೆದ ಪ್ಯಾರಾಲಿಂಪಿಕ್ಸ್‌ನಲ್ಲಿ ಅವರು ತಮ್ಮ ದೇಶದ ತಂಡಕ್ಕೆ ಆಡಿದರು. ಆಗ ಅವರು ವೈದ್ಯಕೀಯ ವಿದ್ಯಾರ್ಥಿನಿ. ಕೆನಡಾದ ಪೆಗ್ಗಿ ಅಸಿಂಕ್ ರಾಷ್ಟ್ರೀಯ ಮಹಿಳಾ ತಂಡದಲ್ಲಿ ಆಡುತ್ತಲೇ ಬೆನ್ನುಹುರಿಯ ಗಾಯದ ಬಗ್ಗೆ ಸಂಶೋಧನೆ ಮಾಡಿದ ನರವಿಜ್ಞಾನಿ. ತನ್ನ ದೇಹದಲ್ಲಿ ಯಾವುದು ಕೈಕೊಟ್ಟಿತೋ ಅದನ್ನೇ ಪ್ರಯೋಗಾಲಯದಲ್ಲಿ ಅಭ್ಯಸಿಸಿ, ಸಂಜೆ ಸ್ಲೆಡ್ ಏರಿದ ಹೆಂಗಸು ಅವರು. ಅಮೆರಿಕದ ಕ್ರಿಸ್ಟಿ ಗಾರ್ಡ್ನರ್ ಸೈನ್ಯದಲ್ಲಿದ್ದು 2006ರಲ್ಲಿ ತೀವ್ರವಾಗಿ ಗಾಯಗೊಂಡವರು, ಮುಂದೆ ಎರಡೂ ಕಾಲುಗಳನ್ನು ಕಳೆದುಕೊಂಡವರು. ಅವರು ಅಂಗವಿಕಲರಿಗೆ ನೆರವಾಗುವ ನಾಯಿಗಳನ್ನು ಪಳಗಿಸುವ ಸಂಸ್ಥೆಯೊಂದನ್ನು ಕಟ್ಟಿದ್ದಾರೆ, ಜೊತೆಗೆ ದೇಶದ ಮಹಿಳಾ ತಂಡಕ್ಕೂ ಆಡಿದ್ದಾರೆ. ಮೂವರಲ್ಲಿ ಒಬ್ಬರೂ ಆಟಕ್ಕಾಗಿ ಕಲಿಕೆಯನ್ನು ಬಿಟ್ಟವರಲ್ಲ, ಕಲಿಕೆಗಾಗಿ ಆಟವನ್ನು ಬಿಟ್ಟವರೂ ಅಲ್ಲ. ಈ ಆಟದಲ್ಲಿ ವೃತ್ತಿಜೀವನ ಎಂದರೆ ಸದ್ಯಕ್ಕೆ ಇದೇ: ಹೊಟ್ಟೆಪಾಡಿಗೆ ಒಂದು ವಿದ್ಯೆ, ಅದರ ಪಕ್ಕದಲ್ಲಿ ಹತ್ತು ಹದಿನೈದು ವರ್ಷ ಬಿಡದೆ ನಡೆಸಿಕೊಂಡು ಬಂದ ಒಂದು ಆಟ.

ನಿಮ್ಮ ಮಗಳ ಓದನ್ನು ನಾನು ಆಟಕ್ಕಿಂತ ಮೊದಲು ಇಡುವುದಕ್ಕೆ ಕಾರಣ ಇದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪ್ರಕಾರ ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೆ ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡಾ 5, ಸರಕಾರಿ ನೌಕರಿಯಲ್ಲಿ ಕನಿಷ್ಠ ಶೇಕಡಾ 4 ಮೀಸಲಾತಿ ಇದೆ. ಇದಕ್ಕೆಲ್ಲ ಬೇಕಾದದ್ದು ಅಂಗವೈಕಲ್ಯದ ಸರ್ಟಿಫಿಕೇಟು ಮತ್ತು ಯು.ಡಿ.ಐ.ಡಿ. ಕಾರ್ಡು, ಅಂದರೆ ಅಂಗವಿಕಲರಿಗೆ ಕೊಡುವ ಗುರುತಿನ ಕಾರ್ಡು. ಚಿಕಿತ್ಸೆ ಮಂಗಳೂರಿನಲ್ಲಿ ನಡೆದಿದ್ದರೂ ವಾಸ ಕೇರಳದಲ್ಲಿ ಇರುವುದರಿಂದ ಅರ್ಜಿಯನ್ನು ಇಲ್ಲಿಯೇ ಸಲ್ಲಿಸಬಹುದು. ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಪೇಟೆಯ ಅಕ್ಷಯ ಕೇಂದ್ರದಲ್ಲಿ ಮಾಡಿಕೊಡುತ್ತಾರೆ. ಮಂಗಳೂರಿನ ಹಳೆಯ ಕಾಗದಗಳನ್ನು, ಶಸ್ತ್ರಚಿಕಿತ್ಸೆಯ ವಿವರಗಳನ್ನು ಒಂದನ್ನೂ ಎಸೆಯದೆ ಕಟ್ಟಿಟ್ಟುಕೊಳ್ಳಿ. ಗಡಿಯಲ್ಲಿ ಬದುಕುವ ನಮಗೆ ಆಸ್ಪತ್ರೆ ಒಂದು ರಾಜ್ಯದ್ದು, ಕಚೇರಿ ಇನ್ನೊಂದು ರಾಜ್ಯದ್ದು, ಅರ್ಜಿಯ ಭಾಷೆ ಮಲಯಾಳ, ಮನೆಯ ಭಾಷೆ ಕನ್ನಡ ಅಥವಾ ತುಳು. ಈ ಎಡತಾಕುವಿಕೆಯಲ್ಲಿ ಎಷ್ಟೋ ಮನೆಗಳು ಕಾರ್ಡಿನ ಗೊಡವೆಯನ್ನೇ ಬಿಟ್ಟಿವೆ. ಕಾರ್ಡು ಇಡೀ ದೇಶಕ್ಕೆ ಸಲ್ಲುತ್ತದೆ. ಯಾವ ಕ್ರೀಡಾಕೂಟಕ್ಕೆ ಹೋದರೂ ಮೊದಲು ಕೇಳುವುದು ಅದನ್ನೇ.

ಇನ್ನು ಆಟದ ಮಾತು. ಮಂಜುಗಡ್ಡೆ ನಮ್ಮಲ್ಲಿಲ್ಲ ಎಂಬುದು ನಿಜ. ನಮ್ಮ ದೇಶದಲ್ಲಿ ಐಸ್ ಹಾಕಿ ಬೆಳೆದದ್ದು ಲಡಾಖಿನ ಹೆಪ್ಪುಗಟ್ಟಿದ ಕೆರೆಗಳ ಮೇಲೆ, ಹಿಮಾಚಲದ ಸ್ಪಿತಿಯಲ್ಲಿ; ಒಳಾಂಗಣದ ದೊಡ್ಡ ರಿಂಕ್, ಅಂದರೆ ಮಂಜುಗಡ್ಡೆಯ ಅಂಕಣ, ಇರುವುದು ಡೆಹ್ರಾಡೂನಿನಲ್ಲಿ. ಲಡಾಖ್, ಸ್ಪಿತಿಗಳ ಹುಡುಗಿಯರೇ ಹೆಚ್ಚಾಗಿರುವ ನಮ್ಮ ಮಹಿಳಾ ತಂಡ 2025ರಲ್ಲಿ ಏಷ್ಯಾ ಕಪ್‌ನಲ್ಲಿ ಕಂಚಿನ ಪದಕ ತಂದಿತು. ಅದು ನಿಂತು ಆಡುವ ಹಾಕಿ. ಬದಿಯಡ್ಕದಿಂದ ಲೇಹ್‌ಗೆ ಹೋಗುವ ಮಾತನ್ನು ಈಗಲೇ ಆಡುವುದು ಬೇಡ. ಆದರೆ ಸ್ಲೆಡ್ ಹಾಕಿಯ ಶಕ್ತಿಯೆಲ್ಲ ಇರುವುದು ಭುಜ, ತೋಳು, ಬೆನ್ನು ಮತ್ತು ಹೊಟ್ಟೆಯ ಸ್ನಾಯುಗಳಲ್ಲಿ. ಅವನ್ನು ಗಟ್ಟಿಮಾಡುವ ಬೇರೆ ಆಟಗಳು ನಮ್ಮ ಕೈಗೆಟಕುವಷ್ಟು ಹತ್ತಿರ ಇವೆ.

ಅವುಗಳಲ್ಲಿ ನಾನು ಮೊದಲು ಹೇಳುವುದು ಕುಳಿತು ಗುಂಡು ಎಸೆಯುವುದನ್ನು. ಇದಕ್ಕೆ ಬೇಕಾದದ್ದು ನೆಲಕ್ಕೆ ಬಿಗಿಯುವ ಒಂದು ಕಬ್ಬಿಣದ ಪೀಠ. ದಿಂಬೂ ಸೇರಿ ಅದರ ಎತ್ತರ 75 ಸೆಂಟಿಮೀಟರ್ ಮೀರಬಾರದು. ಗೇಟು, ಗ್ರಿಲ್ಲು ಮಾಡುವ ನಮ್ಮ ಪೇಟೆಯ ವೆಲ್ಡಿಂಗ್ ಅಂಗಡಿಯವರು ಅಳತೆ ಕೊಟ್ಟರೆ ಎರಡು ದಿನದಲ್ಲಿ ಮಾಡಿಕೊಡುವ ವಸ್ತು ಇದು. ದೀಪಾ ಮಲಿಕ್ 2016ರ ರಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದದ್ದು, ಪ್ಯಾರಾಲಿಂಪಿಕ್ಸ್‌ನಲ್ಲಿ ಪದಕ ಪಡೆದ ಭಾರತದ ಮೊದಲ ಮಹಿಳೆಯಾದದ್ದು ಹೀಗೆ ಕುಳಿತು ಗುಂಡು ಎಸೆದೇ. ಆಗ ಅವರ ವಯಸ್ಸು 45. ಎರಡನೆಯದು ಗಾಲಿಕುರ್ಚಿ ಬ್ಯಾಸ್ಕೆಟ್‌ಬಾಲ್. ತಂಡದ ಆಟ, ನುಗ್ಗಾಟ, ತಿರುವು, ಪಾಸು ಎಲ್ಲವೂ ಇರುವ ಈ ಆಟವೇ ಸ್ಲೆಡ್ ಹಾಕಿಗೆ ಅತಿ ಹತ್ತಿರದ್ದು. ಪೋಲಿಯೊ ಪೀಡಿತರಾಗಿ, ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಮಾಧವಿ ಲತಾ ಅವರು ಚೆನ್ನೈಯಲ್ಲಿದ್ದುಕೊಂಡು ಇದಕ್ಕೆ ದೇಶಮಟ್ಟದ ಒಕ್ಕೂಟವನ್ನೇ ಕಟ್ಟಿದರು. ನಮ್ಮ ಕನ್ನಡನಾಡಿನ ಮಾಲತಿ ಹೊಳ್ಳ ಅವರ ಹೆಸರನ್ನು ನೀವು ಕೇಳಿರಬಹುದು. ಪೋಲಿಯೊದಿಂದ ದೇಹ ಸೋತರೂ ಗಾಲಿಕುರ್ಚಿಯಲ್ಲಿ ಕುಳಿತೇ ದೇಶವಿದೇಶಗಳಲ್ಲಿ ಸ್ಪರ್ಧಿಸಿ ಅರ್ಜುನ ಪ್ರಶಸ್ತಿ, ಪದ್ಮಶ್ರೀ ಪಡೆದವರು. ಅವರು ಆಡಲು ಆರಂಭಿಸಿದ ಕಾಲದಲ್ಲಿ ಮೊಬೈಲು ತೋರಿಸಿಕೊಡುವ ಮಾದರಿಗಳೂ ಇರಲಿಲ್ಲ.

ದೇಹದ ಬಗ್ಗೆ ಮೂರು ಎಚ್ಚರಿಕೆ ಹೇಳದಿದ್ದರೆ ನನ್ನ ಉತ್ತರ ಅರ್ಧವಾಗುತ್ತದೆ. ಸೊಂಟದ ಕೆಳಗೆ ಸ್ಪರ್ಶಜ್ಞಾನ ಕಡಿಮೆ ಇರುವವರಿಗೆ ಕುಳಿತಲ್ಲೇ ಚರ್ಮ ಒತ್ತಿ ಹುಣ್ಣಾದರೂ ತಿಳಿಯುವುದಿಲ್ಲ. ಅಭ್ಯಾಸದ ನಡುವೆ ಪ್ರತಿ 15 ನಿಮಿಷಕ್ಕೊಮ್ಮೆ ಕೈಯೂರಿ ಮೈ ಎತ್ತುವುದು, ರಾತ್ರಿ ಮಲಗುವ ಮೊದಲು ಕನ್ನಡಿ ಹಿಡಿದು ಚರ್ಮ ನೋಡುವುದು ಊಟ ತಿಂಡಿಯಷ್ಟೇ ನಿತ್ಯದ ಅಭ್ಯಾಸವಾಗಬೇಕು. ಎರಡನೆಯದಾಗಿ, ಸ್ಪೈನಾ ಬೈಫಿಡಾ ಇರುವ ಹಲವರಿಗೆ ಲ್ಯಾಟೆಕ್ಸ್ ರಬ್ಬರ್ ಒಗ್ಗುವುದಿಲ್ಲ. ವ್ಯಾಯಾಮಕ್ಕೆ ಬಳಸುವ ಎಳೆಯುವ ಪಟ್ಟಿಗಳು, ಕೆಲವು ಕೈಗವಸುಗಳು ಲ್ಯಾಟೆಕ್ಸಿನವೇ. ರಬ್ಬರ್ ತೋಟಗಳ ನಡುವೆ ಇರುವ ನಾವು ಇದನ್ನು ಡಾಕ್ಟರಲ್ಲಿ ಕೇಳಿಯೇ ಮುಂದುವರಿಯಬೇಕು. ಮೂರನೆಯದು ಭುಜ. ಹಗಲಿಡೀ ಕುರ್ಚಿ ತಳ್ಳುವ ಭುಜವೇ ಆಟದಲ್ಲೂ ದುಡಿಯುವುದರಿಂದ ಅದಕ್ಕೆ ವಾರದಲ್ಲಿ ಎರಡು ದಿನವಾದರೂ ಬಿಡುವು ಕೊಡಬೇಕು. ಭುಜ ಕೆಟ್ಟರೆ ಅವಳ ಆಟವೂ ಓಡಾಟವೂ ಒಟ್ಟಿಗೆ ನಿಲ್ಲುತ್ತವೆ.

ಒಂದು ಮಾತು ನನ್ನ ಬಗ್ಗೆ. ಮೂವತ್ತು ವರ್ಷಕ್ಕೂ ಮಿಕ್ಕಿ ನಾನು ಈ ಭಾಗದ ಕನ್ನಡ ಶಾಲೆಗಳಲ್ಲಿ ಡ್ರಿಲ್ ಟೀಚರಾಗಿದ್ದೆ. ಒಮ್ಮೆ ನನ್ನ ತರಗತಿಯಲ್ಲಿ ಒಂದು ಕಾಲು ಸೊರಗಿದ ಹುಡುಗಿಯಿದ್ದಳು. ವರ್ಷವಿಡೀ ಅವಳನ್ನು ಮಾವಿನ ಮರದಡಿ ಕೂರಿಸಿ ಸ್ಕೋರ್ ಬರೆಸಿದೆ. ಉಳಿದವರ ಚಪ್ಪಲಿ, ಬುತ್ತಿ ಕಾಯುವ ಕೆಲಸವನ್ನೂ ಕೊಟ್ಟೆ. ಅವಳಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ನಂಬಿದ್ದೆ. ವರ್ಷದ ಕೊನೆಗೆ ಪುಸ್ತಕ ತಿರುವಿದಾಗ ಪ್ರತಿ ಪುಟದ ಮೂಲೆಯಲ್ಲೂ ಆಡಿದವರ ಪಟ್ಟಿಯ ಕೆಳಗೆ ಪೆನ್ಸಿಲಿನಲ್ಲಿ ತನ್ನ ಹೆಸರನ್ನು ಬರೆದು, ಮತ್ತೆ ಅಳಿಸಿದ ಗುರುತು ಕಂಡಿತು. ಆ ಪುಸ್ತಕ ಇಂದಿಗೂ ನನ್ನ ಕಪಾಟಿನಲ್ಲಿದೆ. ನಿಮ್ಮ ಮಗಳ ಬಗ್ಗೆ ಇಷ್ಟು ಉದ್ದ ಬರೆಯುತ್ತಿರುವುದರ ಹಿಂದೆ ಆ ಪುಟಗಳಿವೆ.

ಪ್ರಶ್ನೆ: ನಾನು ಅವಳ ಶಾಲೆಯ ಅಧ್ಯಾಪಕ. ಈ ಆಟದ ನಿಯಮಗಳೇನು, ಬಂಡಿ ಹೇಗಿರುತ್ತದೆ? ಮಂಜುಗಡ್ಡೆಯಿಲ್ಲದ ನಮ್ಮೂರಲ್ಲಿ ಇದನ್ನು ಯಾವುದಾದರೂ ರೂಪದಲ್ಲಿ ಆಡಿಸಬಹುದೇ?

ಉತ್ತರ: ಮಾಸ್ಟ್ರೇ, ನಮ್ಮ ಮಕ್ಕಳಿಗೆ ಅಡಿಕೆ ಹಾಳೆಯಲ್ಲಿ ಕುಳಿತು ಎಳೆಸಿಕೊಳ್ಳುವ ಆಟ ಗೊತ್ತಲ್ಲ, ಅಲ್ಲಿಂದಲೇ ಹೊರಡೋಣ. ಹಾಳೆಯಲ್ಲಿ ಕುಳಿತವನಿಗೆ ತನ್ನದೇ ಆದ ಬಲವಿಲ್ಲ, ಎಳೆಯುವವನು ಬೇಕು. ಸ್ಲೆಡ್ ಹಾಕಿಯಲ್ಲಿ ಕುಳಿತವರೇ ಎಳೆಯುವವರೂ ಆಗುತ್ತಾರೆ. ಅಚ್ಚು ಹಾಕಿದ ಬುಟ್ಟಿಯಂಥ ಆಸನ, ಅದರಿಂದ ಮುಂದಕ್ಕೆ ಚಾಚಿದ ಲೋಹದ ಚೌಕಟ್ಟು, ಆಸನದ ಕೆಳಗೆ ಎರಡು ಸ್ಕೇಟಿನ ಅಲಗುಗಳು. ಚೌಕಟ್ಟು ಮಂಜುಗಡ್ಡೆಯಿಂದ ಸುಮಾರು 8.5ರಿಂದ 9.5 ಸೆಂಟಿಮೀಟರ್ ಎತ್ತರದಲ್ಲಿರುವುದರಿಂದ ಪಕ್ ಎಂಬ ರಬ್ಬರಿನ ಬಿಲ್ಲೆ ಅಡಿಯಿಂದಲೇ ನುಸುಳಿ ಹೋಗಬಹುದು. ಸೊಂಟ, ಮೊಣಕಾಲು, ಪಾದಗಳನ್ನು ಪಟ್ಟಿಯಿಂದ ಬಿಗಿಯುತ್ತಾರೆ. ಎರಡು ಕೈಗಳಲ್ಲಿ ಎರಡು ಗಿಡ್ಡ ಕೋಲುಗಳು, ಒಂದೊಂದೂ ಹೆಚ್ಚೆಂದರೆ ಒಂದು ಮೀಟರ್. ಕೋಲಿನ ಒಂದು ತುದಿಯಲ್ಲಿ ಹಾಕಿಯ ಬಾಗಿದ ಪಟ್ಟಿ, ಇನ್ನೊಂದು ತುದಿಯಲ್ಲಿ ಉಕ್ಕಿನ ಚಿಕ್ಕ ಹಲ್ಲುಗಳು. ಹಲ್ಲನ್ನು ಮಂಜುಗಡ್ಡೆಗೆ ಊರಿ ಮೈಯನ್ನು ಮುಂದಕ್ಕೆ ನೂಕುವುದು, ಮರುಕ್ಷಣವೇ ಕೋಲನ್ನು ಅಂಗೈಯಲ್ಲಿ ಜಾರಿಸಿ ಪಟ್ಟಿಯಿಂದ ಪಕ್ ಹೊಡೆಯುವುದು. ನೂಕುವ ಕೈಯೇ ಹೊಡೆಯುವ ಕೈಯೂ ಆಗಬೇಕಾದ ಈ ಕ್ಷಣವೇ ಆಟದ ಕಠಿಣ ಭಾಗ. ಎರಡೂ ಕೈಗಳಿಂದ ಹೊಡೆಯಬಲ್ಲವರಿಗೆ ಇಲ್ಲಿ ಬಹಳ ಬೆಲೆಯಿದೆ.

ಒಂದು ತಂಡದಿಂದ ಗೋಲ್ ಕೀಪರೂ ಸೇರಿ ಆರು ಮಂದಿ ಅಂಕಣದಲ್ಲಿರುತ್ತಾರೆ. 15 ನಿಮಿಷಗಳ ಮೂರು ಅವಧಿಗಳು. ಮೈಗೆ ಮೈ ತಾಗಿಸಿ ತಡೆಯುವುದಕ್ಕೆ ಅವಕಾಶವಿದೆ, ಆದರೆ ಸ್ಲೆಡ್ಡಿನ ಮೂತಿಯನ್ನು ನೇರವಾಗಿ ಎದುರಾಳಿಯ ಪಕ್ಕೆಗೆ ಗುದ್ದುವುದು ದೊಡ್ಡ ತಪ್ಪು. ಹಾಗೆ ಮಾಡಿದವರನ್ನು ಹೊರಗೆ ಕೂರಿಸುತ್ತಾರೆ. ಹೊಸಬರ ಸ್ಲೆಡ್ಡಿನಲ್ಲಿ ಎರಡು ಅಲಗುಗಳ ನಡುವೆ ಅಂತರ ಹೆಚ್ಚಿಡುತ್ತಾರೆ, ಬೀಳುವುದು ಕಡಿಮೆ. ಸಮತೋಲ ಕೈಗೂಡಿದಂತೆ ಅಂತರವನ್ನು ಕಡಿಮೆ ಮಾಡುತ್ತಾ ಬರುತ್ತಾರೆ, ಆಗ ಸೊಂಟ ಸ್ವಲ್ಪ ಓರೆಯಾದರೂ ಸಾಕು, ಬಂಡಿ ತಿರುಗುತ್ತದೆ.

ಮಂಜುಗಡ್ಡೆಯಿಲ್ಲದೆಯೂ ಚಕ್ರದ ಸ್ಲೆಡ್ಡಿನಲ್ಲಿ ಗಟ್ಟಿ ನೆಲದ ಮೇಲೆ ಅಭ್ಯಾಸ ಮಾಡಲು ಸಾಧ್ಯವಿದೆ. ನಮ್ಮ ಹುಡುಗರು ಹಲಗೆಗೆ ಹಳೆಯ ಬೇರಿಂಗ್ ಜೋಡಿಸಿ ಇಳಿಜಾರಿನಲ್ಲಿ ಬಿಡುವ ಗಾಡಿ ನಿಮಗೆ ಗೊತ್ತೇ ಇದೆ. ಅದನ್ನೇ ಅಗಲ ಮಾಡಿ, ಬೆನ್ನಿಗೆ ಒರಗು, ಸೊಂಟಕ್ಕೆ ಪಟ್ಟಿ, ಕುಳಿತಲ್ಲಿ ದಪ್ಪದ ದಿಂಬು ಕೊಟ್ಟರೆ ಶಾಲೆಯ ಸಿಮೆಂಟು ಅಂಗಳದಲ್ಲಿ ಆಡಿಸಬಹುದು. ಕೋಲಿಗೆ ಉಕ್ಕಿನ ಹಲ್ಲು ಬೇಡ; ಊರುಗೋಲಿಗೆ ಹಾಕುವ ರಬ್ಬರಿನ ಬುಡ ಸಾಕು, ಆದರೆ ಲ್ಯಾಟೆಕ್ಸಿನ ಮಾತನ್ನು ನೆನಪಿಡಿ. ಪಕ್ಕಿನ ಬದಲು ಟೆನಿಸ್ ಚೆಂಡು. ತಲೆಗೆ ಹೆಲ್ಮೆಟ್ ಇಲ್ಲದೆ ಒಂದು ನಿಮಿಷವೂ ಬೇಡ. ಇನ್ನೊಂದು ಕೋರಿಕೆ: ಅವಳೊಬ್ಬಳನ್ನೇ ಕೂರಿಸಿ ಉಳಿದವರು ಸುತ್ತ ನಿಂತು ನೋಡುವಂತೆ ಮಾಡಬೇಡಿ. ಆರು ಗಾಡಿ ಮಾಡಿಸಿ, ನಡೆದಾಡುವ ಮಕ್ಕಳನ್ನೂ ಕೂರಿಸಿ. ಎಲ್ಲರೂ ಕುಳಿತರೆ ಆಟದಲ್ಲಿ ಅವಳಿಗಿಂತ ಮುಂದೆ ಹೋಗುವವರು ಎಷ್ಟು ಮಂದಿ ಎಂದು ನೋಡಿ. ವರ್ಷಗಟ್ಟಲೆ ಕುರ್ಚಿ ತಳ್ಳಿದ ತೋಳು ಅದು.

ಎಂಡೋಸಲ್ಫಾನ್ ಎಂಬ ಕೀಟನಾಶಕದ ಮಳೆ ಸುರಿದ ಈ ಪಂಚಾಯತುಗಳಲ್ಲಿ ಗಾಲಿಕುರ್ಚಿಯ ಮಕ್ಕಳು ಒಬ್ಬಿಬ್ಬರಲ್ಲ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗಾಡಿಗಳು ಒಮ್ಮೆ ತಯಾರಾದರೆ ಸುತ್ತಲಿನ ಶಾಲೆಗಳ ಮಕ್ಕಳನ್ನೂ ಕರೆಯಿರಿ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ. ನನ್ನ ತಂಗಿ ನೋಡಿದ ಆಟ ಪ್ಯಾರಾಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಇಲ್ಲವೆಂದು ಯಾರೋ ಹೇಳಿದರು. ಇನ್ನೊಬ್ಬರು ಇದೆಯೆಂದರು. ಯಾವುದು ಸರಿ? ಇಷ್ಟು ಕಾಲ ಹೆಂಗಸರು ಎಲ್ಲಿ ಆಡುತ್ತಿದ್ದರು?

ಉತ್ತರ: ಇಬ್ಬರೂ ಹೇಳಿದ್ದರಲ್ಲಿ ಅರ್ಧರ್ಧ ಸತ್ಯವಿದೆ ಮಗೂ. ಪ್ಯಾರಾಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆಂದೇ ಪ್ರತ್ಯೇಕ ಸ್ಪರ್ಧೆಯಿಲ್ಲ. ಇರುವ ಸ್ಪರ್ಧೆ ಮಿಶ್ರವಾದುದು, ಅಂದರೆ ಒಂದು ದೇಶ ತನ್ನ ತಂಡದಲ್ಲಿ ಹೆಂಗಸರನ್ನೂ ಸೇರಿಸಿಕೊಳ್ಳಬಹುದು. ಕಾಗದದ ಮೇಲಿನ ಈ ‘ಬಹುದು’ ಮಂಜುಗಡ್ಡೆಯ ಮೇಲೆ ಎಷ್ಟು ಸಲ ನಿಜವಾಗಿದೆ ಎಂದು ನೋಡಿದರೆ ವ್ಯಥೆಯಾಗುತ್ತದೆ. ಆಟ ಪ್ಯಾರಾಲಿಂಪಿಕ್ಸ್ ಸೇರಿದ್ದು 1994ರಲ್ಲಿ, ನಾರ್ವೆಯ ಲಿಲ್ಲೆಹಾಮರ್‌ನಲ್ಲಿ. ಆಗ ಬೆಳ್ಳಿ ಗೆದ್ದ ನಾರ್ವೆಯ ತಂಡದಲ್ಲಿ ಬ್ರಿಟ್ ಮ್ಯೋಸುಂಡ್ ಓಯೆನ್ ಎಂಬ ಮಹಿಳೆಯಿದ್ದರು. ಆಮೇಲೆ 24 ವರ್ಷ ಯಾರೂ ಇಲ್ಲ. 2018ರಲ್ಲಿ, ನಿಮ್ಮ ಚಿಕ್ಕಮ್ಮನಿಗೆ ಬರೆದ ಉತ್ತರದಲ್ಲಿ ಹೇಳಿದ ಲೆನಾ ಶ್ರೋಡರ್. 2022ರ ಬೀಜಿಂಗ್‌ನಲ್ಲಿ ಕಂಚು ಗೆದ್ದ ಚೀನಾ ತಂಡದ ಯು ಜಿಂಗ್. 1994ರಿಂದ 2022ರವರೆಗಿನ ಎಂಟು ಪ್ಯಾರಾಲಿಂಪಿಕ್ಸ್‌ಗಳನ್ನು ಲೆಕ್ಕ ಹಾಕಿದರೆ ಮೂವರು ಮಹಿಳೆಯರು.

ಇದಕ್ಕೆ ಕಾರಣ ಹೆಂಗಸರಿಗೆ ಆಡಲು ಬಾರದಿರುವುದಲ್ಲ. ಮೈ ತಾಗಿಸಿ ಆಡುವ ಆಟದಲ್ಲಿ ಹದಿನೈದೋ ಹದಿನೇಳೋ ಸ್ಥಾನಗಳಿಗೆ ಮೇಲ್ಭಾಗದ ದೇಹ ಬಲವಾದ ಗಂಡಸರೊಡನೆ ಸ್ಪರ್ಧಿಸಬೇಕಾದರೆ ಅತ್ಯುತ್ತಮ ಆಟಗಾರ್ತಿಯೂ ಆಯ್ಕೆಯ ಅಂಚಿನಲ್ಲೇ ಉಳಿಯುತ್ತಾಳೆ. ನಿಂತು ಆಡುವ ಐಸ್ ಹಾಕಿಯಲ್ಲಿ ಮಹಿಳೆಯರಿಗೆ ಒಲಿಂಪಿಕ್ಸ್‌ನಲ್ಲಿ 1998ರಲ್ಲೇ, ಜಪಾನಿನ ನಾಗಾನೊದಲ್ಲಿ ತಮ್ಮದೇ ಸ್ಪರ್ಧೆ ದೊರಕಿತು. ಹೆಂಗಸರನ್ನು ಗಂಡಸರ ತಂಡಕ್ಕೆ ‘ಸೇರಿಸಿಕೊಳ್ಳಬಹುದು’ ಎಂದು ಬಿಟ್ಟಿದ್ದರೆ ಅಲ್ಲಿ ಇಂದಿಗೂ ಎಷ್ಟು ಮಂದಿ ಇರುತ್ತಿದ್ದರು? ಮಿಶ್ರ ಎಂಬ ಪದ ಕೇಳಲು ಉದಾರವಾಗಿದೆ, ಆದರೆ ಈ ಆಟದಲ್ಲಿ ಅದು ಪ್ರತ್ಯೇಕ ಸ್ಪರ್ಧೆಯ ಬೇಡಿಕೆಯನ್ನು ಮುಂದೂಡುವ ನೆಪವಾಯಿತೆಂದು ನನ್ನ ಖಚಿತ ಅಭಿಪ್ರಾಯ.

ಹೆಂಗಸರು ಮಾತ್ರ ಕಾಯುತ್ತಾ ಕೂರಲಿಲ್ಲ. ಆಟ ಹುಟ್ಟಿದ್ದೇ ಯಾರ ಅಪ್ಪಣೆಯನ್ನೂ ಕಾಯದವರಿಂದ. 1960ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನ ಪುನರ್ವಸತಿ ಕೇಂದ್ರವೊಂದರಲ್ಲಿ, ಕಾಲು ಸೋತರೂ ಹಾಕಿ ಬಿಡಲೊಲ್ಲದ ಕೆಲವರು ಲೋಹದ ಚೌಕಟ್ಟಿಗೆ ಎರಡು ಸ್ಕೇಟ್ ಅಲಗು ಜೋಡಿಸಿ, ಸೈಕಲ್ಲಿನ ಹಿಡಿಕೆ ಹಾಕಿದ ಕೋಲು ಹಿಡಿದು ಹೆಪ್ಪುಗಟ್ಟಿದ ಕೆರೆಗೆ ಇಳಿದರು. 1969ರ ಹೊತ್ತಿಗೆ ಆ ಊರಿನಲ್ಲಿ ಐದು ತಂಡಗಳ ಲೀಗ್ ಇತ್ತು. ನಮ್ಮ ಬೇರಿಂಗ್ ಗಾಡಿಯ ಮಾತನ್ನು ಅಧ್ಯಾಪಕರಿಗೆ ಧೈರ್ಯದಿಂದ ಬರೆದದ್ದು ಈ ಚರಿತ್ರೆ ಗೊತ್ತಿರುವುದರಿಂದಲೇ.

ಅದೇ ಹಟದಿಂದ ಅಮೆರಿಕದ ಆಟಗಾರ್ತಿಯರು 2007ರಲ್ಲಿ ತಮ್ಮದೇ ಮಹಿಳಾ ತಂಡವನ್ನು ಕಟ್ಟಿದರು. 2014ರಲ್ಲಿ ಕೆನಡಾದ ಬ್ರ್ಯಾಂಪ್ಟನ್‌ನಲ್ಲಿ ಮಹಿಳೆಯರ ಮೊದಲ ಅಂತರರಾಷ್ಟ್ರೀಯ ಕಪ್ ನಡೆದಾಗ ಬಂದದ್ದು ಅಮೆರಿಕ, ಕೆನಡಾ ಮತ್ತು ಯುರೋಪ್, ಹೀಗೆ ಮೂರೇ ತಂಡ. ಯುರೋಪಿನ ಯಾವುದೇ ದೇಶದಲ್ಲಿ ಪೂರ್ಣ ತಂಡಕ್ಕೆ ಸಾಕಾಗುವಷ್ಟು ಹೆಂಗಸರಿಲ್ಲದ್ದರಿಂದ ಹಲವು ದೇಶದವರು ಒಂದೇ ಅಂಗಿ ತೊಟ್ಟು ಆಡಿದರು. 2022ರಲ್ಲಿ ಅಮೆರಿಕದ ಗ್ರೀನ್ ಬೇ ಎಂಬಲ್ಲಿ ಮಹಿಳೆಯರ ಮತ್ತೊಂದು ಕೂಟ. ಕೊನೆಗೆ 2025ರ ಆಗಸ್ಟಿನಲ್ಲಿ ಸ್ಲೊವಾಕಿಯದ ಡೋಲ್ನಿ ಕುಬಿನ್‌ನಲ್ಲಿ ಮೊದಲ ಮಹಿಳಾ ವಿಶ್ವ ಚಾಂಪಿಯನ್‌ಶಿಪ್. ಅಮೆರಿಕ ಚಿನ್ನ ಗೆದ್ದಿತು, ಕೆನಡಾ ಬೆಳ್ಳಿ. ಆಟ ಪ್ಯಾರಾಲಿಂಪಿಕ್ಸ್‌ಗೆ ಬಂದು 31 ವರ್ಷಗಳ ಬಳಿಕ ಹೆಂಗಸರಿಗೆ ವಿಶ್ವ ಚಾಂಪಿಯನ್ನರೆಂಬ ಹೆಸರು ಸಿಕ್ಕಿತು.

ಆ ಕೂಟದಲ್ಲಿದ್ದ ತಂಡಗಳಲ್ಲಿ ಒಂದರ ಕಡೆಗೆ ನಿನ್ನ ಗಮನ ಸೆಳೆಯಬೇಕು. ಅದರ ಹೆಸರು ವಿಶ್ವ ತಂಡ. ತನ್ನ ದೇಶದಲ್ಲಿ ತಂಡವೇ ಇಲ್ಲದ ಆಟಗಾರ್ತಿಯರನ್ನು ಒಂದುಗೂಡಿಸಿ ರಚಿಸಿದ ತಂಡ. ಭಾರತದಂಥ ದೇಶದ ಹುಡುಗಿಗೆ ಎಂದಾದರೂ ಬಾಗಿಲು ತೆರೆದರೆ ಅದು ಮೊದಲು ತೆರೆಯುವುದು ಅಲ್ಲಿಯೇ ಎಂದು ನನಗನ್ನಿಸುತ್ತದೆ. ಇದನ್ನು ನಿನ್ನ ತಂಗಿಗೆ ಭರವಸೆಯಾಗಿ ಹೇಳಬೇಡ, ಮಾಹಿತಿಯಾಗಿ ಹೇಳು; ನಡುವೆ ಮಂಜುಗಡ್ಡೆ, ಸ್ಲೆಡ್, ಪ್ರಯಾಣ, ವೀಸಾ ಎಂಬ ನಾಲ್ಕು ದೊಡ್ಡ ಗುಡ್ಡಗಳಿವೆ.

ಆ ದೇಶಗಳ ಆಟಗಾರ್ತಿಯರ ದಾರಿಯೂ ಬಾಲ್ಯದಲ್ಲಿ ನೇರವಾಗಿ ರಾಷ್ಟ್ರೀಯ ತಂಡಕ್ಕೆ ಹೋಗುವುದಲ್ಲ. ಹೆಚ್ಚಿನವರು ಆಸ್ಪತ್ರೆಯ ಪುನರ್ವಸತಿ ವಿಭಾಗದಲ್ಲೋ ಅಂಗವಿಕಲ ಮಕ್ಕಳ ಕ್ರೀಡಾ ಶಿಬಿರದಲ್ಲೋ ಮೊದಲ ಬಾರಿ ಸ್ಲೆಡ್ ಏರುತ್ತಾರೆ, ಊರಿನ ಕ್ಲಬ್ಬಿನಲ್ಲಿ ಹುಡುಗರೊಂದಿಗೇ ಆಡಿ ಬೆಳೆಯುತ್ತಾರೆ. ಅಮೆರಿಕದ ಕೆಲ್ಸಿ ಡಿಕ್ಲಾಡಿಯೊ ಮಹಿಳಾ ತಂಡದಲ್ಲಿ ಆಡುತ್ತಲೇ ಮುಂದೆ ರಾಷ್ಟ್ರೀಯ ತಂಡಕ್ಕೆ ಆಟಗಾರರನ್ನು ತಯಾರು ಮಾಡುವ, ಗಂಡಸರು ತುಂಬಿದ್ದ ರಾಷ್ಟ್ರೀಯ ಅಭಿವೃದ್ಧಿ ತಂಡದಲ್ಲೂ ಸ್ಥಾನ ಪಡೆದರು. ಮೂವತ್ತರ ನಂತರ ಆಟ ಆರಂಭಿಸಿದವರೂ ಇದ್ದಾರೆ, ಅಪಘಾತಕ್ಕೆ ವಯಸ್ಸಿನ ಲೆಕ್ಕವಿಲ್ಲವಲ್ಲ. ಹಾಗಾಗಿ 16ರಲ್ಲಿ ಆರಂಭಿಸಲಾಗದಿದ್ದರೆ ಎಲ್ಲ ಮುಗಿಯಿತೆಂಬ ಆತಂಕ ಈ ಆಟದಲ್ಲಿ ಬೇಡ.

ಪ್ರಶ್ನೆ: ಅವರು ಬಿದ್ದರೆ ಹೇಗೆ ಏಳುತ್ತಾರೆ?

ಉತ್ತರ: ಪುಟ್ಟೀ, ಹಿರಿಯರು ಯಾರೂ ಕೇಳದ ಪ್ರಶ್ನೆಯನ್ನು ನೀನು ಕೇಳಿದ್ದಿ. ಸ್ಲೆಡ್ಡಿಗೆ ಮೈ ಕಟ್ಟಿರುವುದರಿಂದ ಬೀಳುವಾಗ ಸ್ಲೆಡ್ಡೂ ಜೊತೆಗೇ ಮಗುಚುತ್ತದೆ, ನೀನು ಒಂದು ಮಗ್ಗುಲಿಗೆ ಮಲಗಿದಂತೆ ಆಗುತ್ತದೆ. ಮೊದಲು ಕೆಳಗಿನ ಕೈಯ ಕೋಲನ್ನು ಮೈಗೆ ಹತ್ತಿರ ತಂದು ಮಂಜುಗಡ್ಡೆಯ ಮೇಲೆ ಅಡ್ಡವಾಗಿ ಮಲಗಿಸಬೇಕು. ಅದರ ಮೇಲೆ ಗವಸಿನ ಮುಷ್ಟಿ ಊರಿ, ಮೊಣಕೈಯನ್ನು ನೇರ ಮಾಡುತ್ತಾ ಎದೆಯನ್ನು ಮೇಲೆತ್ತಬೇಕು. ತೋಳು ಪೂರ್ತಿ ನೇರವಾಗುವ ಹೊತ್ತಿಗೆ ಸೊಂಟವನ್ನು ಒಮ್ಮೆ ಜಾಡಿಸಿ ಸ್ಲೆಡ್ಡನ್ನು ತನ್ನಡಿಗೆ ಎಳೆದುಕೊಳ್ಳಬೇಕು. ಅಲಗು ಮಂಜುಗಡ್ಡೆಯನ್ನು ಕಚ್ಚಿದೊಡನೆ ಮೈ ತಾನಾಗಿ ನೆಟ್ಟಗಾಗುತ್ತದೆ. ಸೊಂಟದಲ್ಲಿ ಬಲ ಕಡಿಮೆಯಿರುವವರು ಆ ಜಾಡಿಸುವಿಕೆಯನ್ನೂ ಭುಜದಿಂದಲೇ ಮಾಡುತ್ತಾರೆ, ಸ್ವಲ್ಪ ನಿಧಾನವಾಗುತ್ತದೆ ಅಷ್ಟೆ. ಬಿದ್ದಾಗ ಕೋಲಿನ ಹಲ್ಲು ಯಾರ ಕಡೆಗೂ ಚಾಚದಂತೆ ಎದೆಗೆ ಒತ್ತಿ ಹಿಡಿಯುವುದನ್ನು ಎಲ್ಲಕ್ಕಿಂತ ಮೊದಲು ಕಲಿಸುತ್ತಾರೆ.

ಅಡಿಕೆ ಒಣಗಿಸಿ ತೆಗೆದ ಮೇಲೆ ನಿಮ್ಮ ಅಂಗಳ ಖಾಲಿಯಾಗುತ್ತದಲ್ಲ, ಆಗ ಒಂದು ಅಗಲವಾದ ಹಾಳೆಯ ಮೇಲೆ ದಿಂಬು ಹಾಕಿ ಕುಳಿತುಕೋ. ಅಪ್ಪ ಒಂದು ಪಕ್ಕದಲ್ಲಿ, ಅಕ್ಕ ಇನ್ನೊಂದು ಪಕ್ಕದಲ್ಲಿ ಇರಲಿ, ತಲೆಗೆ ಹೆಲ್ಮೆಟ್ ಇರಲಿ. ಬಲಮಗ್ಗುಲಿಗೆ ಐದು ಸಲ ಬಿದ್ದು ಐದು ಸಲ ಏಳು, ಎಡಮಗ್ಗುಲಿಗೂ ಅಷ್ಟೇ. ಯಾವ ಮಗ್ಗುಲು ಕಷ್ಟವಾಯಿತೆಂದು ನನಗೆ ಬರೆದು ತಿಳಿಸು.